ಹುಲ್ಲಿನ ಲಾರಿ

"ಕುರ್ಚಿಗೆ ಬಾಯಾರುದಿಲ್ಲ ಮಾರಾಯ, ಕೋಣಕ್ಕೆ ಬಾಯಾರ್ತದೆ," ಎಂದು ಧರ್ಣಪ್ಪ ಹೇಳಿದ್ದಕ್ಕೆ ಸಭೆ ಗೊಳ್ಳೆಂದಿತು. ಉನೈಸನಿಗೂ ನಗು ಬಂತು. ದೋಹಾದ ಫುಟ್‌ಬಾಲ್ ವಿಶ್ವಕಪ್ಪಿಗೆ ಸ್ಟೇಡಿಯಮ್ಮಿನ ಕುರ್ಚಿ, ಹುಲ್ಲುಹಾಸು, ಐಸು, ಟಿವಿಯವರ ಕ್ಯಾಮರಾ ಎಂದು ಹಗಲೂ ರಾತ್ರಿಯೂ ಲಾರಿ ಹೊರಡಿಸಿದವನು ಅವನು. ಯಾವ ಗೇಟಿಗೆ ಯಾವ ಲಾರಿ, ಯಾವುದರ ಹಿಂದೆ ಯಾವುದು ಎಂದು ಕಣ್ಣುಮುಚ್ಚಿ ಹೇಳಬಲ್ಲವನಾಗಿದ್ದ. ಊರಿಗೆ ಮರಳಿ ವರ್ಷ ತುಂಬುವ ಮೊದಲೇ ಮೂಡುಬಿದಿರೆಯ ಈ ಮಾಳಿಗೆಯಲ್ಲಿ, ಕೋಣಗಳ ಯಜಮಾನರ ಎದುರು ನಿಂತು, ಒಂದು ಕೊಡ ನೀರಿನ ವಿಷಯದಲ್ಲಿ ಸೋಲುತ್ತಿದ್ದ.

ತುಮಕೂರಿನ ಹೊರಗೆ ಮೊದಲ ಸಲ ಕಂಬಳ ನಡೆಯುವುದಿತ್ತು. ಅಲ್ಲಿ ಕೋಣ ಓಡುವ ಕರೆ ತೋಡಿ, ನೀರು ಬಿಟ್ಟು, ಗ್ಯಾಲರಿ ಕಟ್ಟಿ ಮುಗಿಯುತ್ತ ಬಂದಿತ್ತು. ಇನ್ನು ಓಡಬೇಕಾದವರು ಹೋಗಿ ತಲುಪಬೇಕಷ್ಟೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಟ್ಟಿಗಳಿಂದ ನೂರಕ್ಕೂ ಮಿಕ್ಕಿ ಕೋಣಗಳನ್ನು ಶಿರಾಡಿ ಘಾಟಿ ಹತ್ತಿಸಿ, ಹಾಸನದಲ್ಲಿ ಇಳಿಸಿ, ಮೇವು ತಿನ್ನಿಸಿ, ಮಲಗಿಸಿ, ಮರುದಿನ ಮುಂದಕ್ಕೆ ಸಾಗಿಸುವ ಹೊಣೆಯನ್ನು ಕಂಬಳ ಸಮಿತಿ ಉನೈಸನಿಗೆ ಕೊಟ್ಟಿತ್ತು. ಕೊಟ್ಟ ಮೇಲೆ ಯಜಮಾನರು ಒಬ್ಬೊಬ್ಬರಾಗಿ ಎದ್ದು ತಮ್ಮ ಕೋಣ ಎಂಥ ಕೋಣ ಎಂದು ಹೇಳತೊಡಗಿದ್ದರು. ಒಬ್ಬರ ಕೋಣಕ್ಕೆ ಫ್ಯಾನಿಲ್ಲದೆ ನಿದ್ದೆ ಬರುವುದಿಲ್ಲ. ಇನ್ನೊಬ್ಬರದ್ದು ಬೇರೆ ಮನೆಯ ಕೋಣದ ಮುಖ ನೋಡಿದರೆ ಹುರುಳಿ ತಿನ್ನುವುದನ್ನೇ ಬಿಡುತ್ತದೆ. ಮನೆಯ ಬಾವಿಯದ್ದಲ್ಲದೆ ಬೇರೆ ನೀರು ಮುಟ್ಟುವುದಿಲ್ಲ ಎಂಬುದರಲ್ಲಂತೂ ಎಲ್ಲರೂ ಒಂದಾದರು. ಬೇರೆ ಯಾವ ವಿಷಯದಲ್ಲೂ ಈ ಯಜಮಾನರು ಹೀಗೆ ಒಂದಾದದ್ದನ್ನು ಕಂಡವರಿಲ್ಲ.

"ಆಯ್ತು, ಪ್ರತಿ ಲಾರಿಯಲ್ಲೂ ಮನೆ ನೀರಿನ ಡ್ರಮ್ ಇಡುವ," ಎಂದ ಉನೈಸ್. "ಆದರೆ ಹುಲ್ಲು ಕೋಣದ ಲಾರಿಯಲ್ಲಿ ಬೇಡ, ಜಾಗ ಸಾಕಾಗುದಿಲ್ಲ. ಹುಲ್ಲಿನ ಲಾರಿಗಳನ್ನು ಬೇರೆಯೇ ಮಾಡಿ ಮುಂದೆ ಕಳಿಸ್ತೇನೆ. ಕೋಣ ಹಾಸನದಲ್ಲಿ ಇಳಿಯುವಾಗ ಎದುರಿಗೆ ಮೇವು ಇರ್ಬೇಕು."

"ಅದು ಸರಿ," ಎಂದ ಧರ್ಣಪ್ಪ. ವಾಮದಪದವಿನ ಧರ್ಣಪ್ಪನ ಜೋಡಿ, ಕಾಟಿ ಮತ್ತು ಬೊಲ್ಲ, ಆ ವರ್ಷ ಓಡಿದ ಕಡೆಯೆಲ್ಲ ಪದಕ ತಂದಿತ್ತು. ಅವನು ಸರಿ ಎಂದರೆ ಉಳಿದವರೂ ಸರಿ ಎನ್ನುತ್ತಿದ್ದರು.

ಸಭೆ ಮುಗಿದು ಎಲ್ಲರೂ ಚಾ ಕುಡಿಯುತ್ತಿರುವಾಗ ಸಮಿತಿಯ ಕಾರ್ಯದರ್ಶಿ ಅಜ್ರಿಯವರು ಉನೈಸನ ಪಕ್ಕಕ್ಕೆ ಬಂದರು. ಮೃದು ಮಾತಿನ ಮನುಷ್ಯ, ನಿವೃತ್ತ ಹೆಡ್ಮಾಸ್ತರ್. "ಘಟ್ಟದ ಮೇಲೆ ಜಾನುವಾರಿನ ಲಾರಿ ಅಂದರೆ ಕೆಲವರು ತಡೆದು ಕೇಳುವುದುಂಟು," ಎಂದರು. "ನಮಗೆ ಪಾಸು ಉಂಟು, ಡಾಕ್ಟರ ಸರ್ಟಿಫಿಕೇಟು ಉಂಟು, ಎದುರಿಗೆ ಪೊಲೀಸ್ ಜೀಪು ಉಂಟು. ಆದರೂ... ನೀವು ಅದೆಲ್ಲ ಯೋಚಿಸಿರ್ತೀರಿ."

"ಯೋಚಿಸಿದ್ದೇನೆ ಸರ್."

"ಹಾಂ. ಮತ್ತೆ ನಾನೇನು ಹೇಳುವುದು," ಎಂದು ಅವರು ಇನ್ನೊಂದು ಬಿಸ್ಕೀಟು ತೆಗೆದುಕೊಂಡು ಆಚೆ ಹೋದರು.

ಅವರು ಹೇಳಿದ್ದು ಅಷ್ಟೇ. ಆದರೆ ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಬರುವ ದಾರಿಯುದ್ದಕ್ಕೂ ಉನೈಸನ ತಲೆಯಲ್ಲಿ ಆ 'ಆದರೂ' ಕೂತುಬಿಟ್ಟಿತು. ಫೋನಿನಲ್ಲಿ ನೋಡಿದ ಒಂದು ವಿಡಿಯೋ ನೆನಪಾಯಿತು: ಎಲ್ಲಿಯದೋ ರಸ್ತೆ, ಯಾರದೋ ಟೆಂಪೋ, ಸಾಕುವುದಕ್ಕೆಂದು ತರುತ್ತಿದ್ದ ಒಂದು ಹಸು, ಕೆಳಗೆ ಕೂತು ಕೈಮುಗಿಯುತ್ತಿದ್ದ ಡ್ರೈವರ್. ಅವನ ಹೆಸರು ಕೇಳಿದ ಮೇಲೆ ಯಾರೂ ಕಾಗದ ಕೇಳಿರಲಿಲ್ಲ. ಉನೈಸನಿಗೆ ತನ್ನ ಡ್ರೈವರುಗಳ ಹೆಸರುಗಳು ಒಂದೊಂದಾಗಿ ಕಣ್ಣೆದುರು ಬಂದವು. ಅವುಗಳಲ್ಲಿ ಏಳೆಂಟು ಹೆಸರುಗಳು ತನ್ನಂಥವರದ್ದೇ, ಮತ್ತು ಅವುಗಳಲ್ಲಿ ಒಂದು ಅವನ ಅಪ್ಪನದ್ದು.

ಅಪ್ಪ ಅಬೂಬಕ್ಕರ್ ಬಂಟ್ವಾಳ ಪೇಟೆಯ ಹಳೆಯ ಲಾರಿಯವನು. ಈಗಿನ ಹುಡುಗ ಡ್ರೈವರುಗಳು ಹುಟ್ಟುವ ಮೊದಲಿನಿಂದ ಧರ್ಣಪ್ಪನ ಮನೆಯ ಕೋಣಗಳನ್ನು ಎಲ್ಲ ಕಂಬಳಕ್ಕೂ ಅವನೇ ಕೊಂಡೊಯ್ಯುತ್ತಿದ್ದ. ಆ ಮನೆಯಲ್ಲಿ ಅದಕ್ಕೊಂದು ಕ್ರಮವಿತ್ತು. ಕೋಣ ಅಂಗಳ ಬಿಡುವ ಮೊದಲು ಮನೆಯ ಹಿರಿಯರು ತೆಂಗಿನ ನಾರಿನ ಒಂದು ಕತ್ತದ ಹಗ್ಗವನ್ನು ಲಾರಿಯವನ ಕೈಗೆ ಕೊಡಬೇಕು. ಕೋಣಕ್ಕೆ ಕಟ್ಟುವ ಹಗ್ಗವಲ್ಲ ಅದು. ಸುಮ್ಮನೆ ಲಾರಿಯ ಕ್ಯಾಬಿನಿನಲ್ಲಿ ತೂಗುಹಾಕುವಂಥದ್ದು. ತಿರುಗಿ ಬಂದ ಮೇಲೆ ಕೊಂಡುಹೋದ ಕೈಯೇ ಅದನ್ನು ಕೊಟ್ಟ ಕೈಗೆ ಒಪ್ಪಿಸಬೇಕು. ಒಪ್ಪಿಸುವವರೆಗೆ ಕೋಣ ಅಂಗಳದಲ್ಲಿ ನಿಂತಿದ್ದರೂ ಮನೆಗೆ ಬಂದ ಲೆಕ್ಕವಿಲ್ಲ, ಹಟ್ಟಿಗೆ ಕಟ್ಟುವುದಿಲ್ಲ, ನೀರಿಡುವುದಿಲ್ಲ. ಧರ್ಣಪ್ಪನ ತಾಯಿ ಪೂವಮ್ಮ ಹಗ್ಗ ಕೊಡುವ ಮೊದಲು ಅಬೂಬಕ್ಕರನ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. "ಕೈ ಗಟ್ಟಿ ಉಂಟಾ ನೋಡ್ತೇನೆ," ಎನ್ನುತ್ತಿದ್ದಳು. ಸ್ಟೇರಿಂಗು ಹಿಡಿದು ಹಿಡಿದು ಜಡ್ಡುಗಟ್ಟಿದ ಕೈ ಅದು. ಈಚೆಗೆ ಅವಳಿಗೆ ಕಣ್ಣು ಕಾಣದಾದ ಮೇಲೂ ಆ ಕ್ರಮ ತಪ್ಪಿರಲಿಲ್ಲ.

ಅಬೂಬಕ್ಕರ್ ಲಾರಿಯಲ್ಲಿ ಘಟ್ಟ ಹತ್ತಿ ಇಳಿದದ್ದಕ್ಕೆ ಲೆಕ್ಕವಿಲ್ಲ. ಅಕ್ಕಿ, ಹೆಂಚು, ಸಿಮೆಂಟು, ಎಲ್ಲ ಹೇರಿದ್ದಾನೆ. ಆದರೆ ಕೋಣ ಹೇರಿಕೊಂಡು ಹತ್ತಿರಲಿಲ್ಲ. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿಯತೊಡಗಿತ್ತು. ಮಳೆಗಾಲದ ಮೊದಲು ಲಾರಿ ಮಾರಿಬಿಡುವುದೆಂದು ಅವನೇ ನಿಶ್ಚಯಿಸಿದ್ದ. "ಕಾಟಿ, ಬೊಲ್ಲನನ್ನು ಒಂದು ಸಲ ಘಟ್ಟ ಹತ್ತಿಸಿ ತಂದು ಆ ಅಮ್ಮನ ಕೈಗೆ ಹಗ್ಗ ಕೊಡ್ತೇನೆ. ಆಮೇಲೆ ಸಾಕು," ಎನ್ನುತ್ತಿದ್ದ. ಅದಕ್ಕೆಂದೇ ಲಾರಿಗೆ ಹೊಸ ಹಲಗೆ ಹೊಡೆಸಿದ್ದ, ಬ್ರೇಕ್ ಮಾಡಿಸಿದ್ದ, ಕೋಣ ಕಟ್ಟುವ ಕಬ್ಬಿಣದ ಬಳೆಗಳಿಗೆ ಬಟ್ಟೆ ಸುತ್ತಿದ್ದ. "ನನ್ನನ್ನು ಮದುವೆಯಾಗಿ ಕರ್ಕೊಂಡು ಬರುವಾಗ ಇದರಲ್ಲಿ ಅರ್ಧ ತಯಾರಿ ಮಾಡಿರಲಿಲ್ಲ ನಿನ್ನ ಉಪ್ಪ," ಎಂದು ಆಸ್ಯಮ್ಮ ಮಗನಿಗೆ ಹೇಳಿ ನಕ್ಕಿದ್ದಳು.

ಶುಕ್ರವಾರ ಮಸೀದಿಯಿಂದ ಬಂದು ಊಟವಾದ ಮೇಲೆ ಉನೈಸ್ ಹೊರಗೆ ಬಂದ. ಅಬೂಬಕ್ಕರ್ ಲಾರಿಯ ಹಲಗೆಯ ಮೇಲೆ ಮರಳು ಹರಡುತ್ತಿದ್ದ. ಕೋಣದ ಗೊರಸು ಜಾರಬಾರದೆಂದು.

"ಉಪ್ಪ, ನಿಮ್ಮ ಲಾರಿಯನ್ನು ಹುಲ್ಲಿಗೆ ಹಾಕಿದ್ದೇನೆ."

"ಯಾವ ಹುಲ್ಲಿಗೆ?"

"ಮುಂದೆ ಹೋಗುವ ಹುಲ್ಲಿನ ಲಾರಿಗಳುಂಟಲ್ಲ. ನಿಮ್ಮನ್ನು, ಇಬ್ರಾಯಿಯನ್ನು, ವಿಟ್ಲದವರನ್ನು, ನಮ್ಮವರನ್ನೆಲ್ಲ ಅದಕ್ಕೆ ಹಾಕಿದ್ದೇನೆ. ಧರ್ಣಪ್ಪಣ್ಣನ ಜೋಡಿಯನ್ನು ಬೆಳ್ತಂಗಡಿಯ ನಿತೇಶ್ ಕೊಂಡೋಗ್ತಾನೆ. ಒಳ್ಳೆ ಡ್ರೈವರ್. ಘಟ್ಟದ ಮೇಲೆ ಹೇಗೆ ಅಂತ ಗೊತ್ತುಂಟಲ್ಲ ನಿಮಗೆ. ಕೋಣದ ಲಾರಿಯಲ್ಲಿ ನಮ್ಮವರು ಬೇಡ. ಹುಲ್ಲಾದರೆ ಯಾರೂ ಕೇಳುದಿಲ್ಲ."

ಅಬೂಬಕ್ಕರ್ ಕೈಯ ಮರಳು ಕೊಡವಿಕೊಂಡ. "ಅಜ್ರಿಯವರು ಹೇಳಿದ್ರಾ?"

"ಇಲ್ಲ."

"ಧರ್ಣಪ್ಪಣ್ಣ?"

"ಅವರಿಗೆ ಇನ್ನೂ ಹೇಳಲಿಲ್ಲ."

"ಮತ್ತೆ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ ಉಪ್ಪ. ನಾನೇ ಯೋಚಿಸಿದ್ದು. ಏನಾದರೂ ಆಗುವ ಮೊದಲು ಯೋಚಿಸುದೇ ಅಲ್ವಾ ನನ್ನ ಕೆಲಸ?"

ಅಬೂಬಕ್ಕರ್ ಮಗನ ಕಡೆ ತಿರುಗಿದ. "ಇಷ್ಟು ವರ್ಷ ಕೋಣ ಹೊತ್ತೆ," ಎಂದ. "ನಿಲ್ಲಿಸಿ ನನ್ನ ಹೆಸರು ಕೇಳಿದವರು ಯಾರೂ ಸಿಕ್ಕಿರಲಿಲ್ಲ. ಮೊದಲು ನೀನೇ ಕೇಳಿದೆ."

ಅಷ್ಟು ಹೇಳಿ ಅವನು ಒಳಗಿಂದ ಹಿಡಿಸೂಡಿ ತಂದು, ಹರಡಿದ ಮರಳನ್ನು ಗುಡಿಸತೊಡಗಿದ. ಹುಲ್ಲು ಜಾರುವುದಿಲ್ಲವಲ್ಲ. ಉನೈಸನಿಗೆ ಸಿಟ್ಟು ಬಂತು. ಅಪ್ಪನ ಜೀವಕ್ಕೆ ಹೆದರಿ ಮಾಡಿದ್ದು, ಅದು ಕೂಡ ತಪ್ಪೇ ಎಂದುಕೊಂಡ. ಬಿಸಿಲಲ್ಲಿ ಮರಳಿನ ಧೂಳು ಎದ್ದು ಇಬ್ಬರ ಮೇಲೂ ಕೂತಿತು.

ಮರುದಿನ ಉನೈಸ್ ವಾಮದಪದವಿಗೆ ಹೋದ. ಹೋಗುವಾಗ ಅವನ ಮನಸ್ಸಿನೊಳಗೆ ಒಂದು ಆಸೆಯಿತ್ತು: ಧರ್ಣಪ್ಪಣ್ಣ ತನ್ನನ್ನು ಬೈಯಬೇಕು. 'ಎಂತ ಮಾತಾಡ್ತೀಯ ನೀನು? ನನ್ನ ಕೋಣ ಯಾರ ಲಾರಿಯಲ್ಲಿ ಹೋಗ್ಬೇಕಂತ ನಾನು ಹೇಳುದು' ಎಂದು ಜೋರು ಮಾಡಬೇಕು. ಹಾಗೆ ಮಾಡಿದರೆ ಇಡೀ ಏರ್ಪಾಡನ್ನು ಹೊಸದಾಗಿ ಮಾಡುವುದಕ್ಕೆ ಅವನು ತಯಾರಿದ್ದ.

ಧರ್ಣಪ್ಪ ಬೊಲ್ಲನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ. ಕೇಳುತ್ತ ಕೇಳುತ್ತ ಅವನ ಕೈ ನಿಧಾನವಾಯಿತು. ಪೂರ್ತಿ ಕೇಳಿದ ಮೇಲೆ ಮತ್ತೆ ತಿಕ್ಕತೊಡಗಿದ.

"ಅಬೂಬಕ್ಕರ್ ಎಂತ ಹೇಳಿದ?"

"ಏನೂ ಹೇಳಲಿಲ್ಲ."

"ಅವನು ಹೇಳುವವನಲ್ಲ." ಧರ್ಣಪ್ಪ ಎಣ್ಣೆಯ ತಟ್ಟೆಗೆ ಕೈ ಅದ್ದಿದ. "ನೋಡು ಉನೈಸ್, ನನಗೂ ನಾಲ್ಕು ದಿವಸದಿಂದ ಅದೇ ತಲೆಬಿಸಿ. ಅವನ ಹತ್ರ ಹೇಗೆ ಹೇಳುದು ಅಂತ. ನಮ್ಮೊಳಗೆ ಅಂಥದ್ದು ಇಲ್ಲ, ಅದು ನಿನಗೂ ಗೊತ್ತುಂಟು. ಆದರೆ ಕಾಲ ಸರಿ ಇಲ್ಲ. ಕೋಣಕ್ಕೆ ಏನಾದ್ರೂ ಆದ್ರೆ? ನೀನೇ ಹೇಳಿದ್ದು ಒಳ್ಳೇದಾಯ್ತು."

"ಹೂಂ," ಎಂದ ಉನೈಸ್.

"ಚಾ ಕುಡಿದು ಹೋಗು. ಅಮ್ಮನ ಹತ್ರ ಇದನ್ನೆಲ್ಲ ಹೇಳ್ಬೇಡ. ಅವಳಿಗೆ ಅರ್ಥ ಆಗ್ಲಿಕ್ಕಿಲ್ಲ."

ಕೋಣಕ್ಕೆ ಏನಾದರೂ ಆದರೆ! ಅಬೂಬಕ್ಕರನಿಗೆ ಏನಾದರೂ ಆದರೆ ಎಂದು ಅವನ ಬಾಯಲ್ಲಿ ಬರಲೇ ಇಲ್ಲ. ಉನೈಸ್ ಚಾ ಕುಡಿದ. ಸಂಜೆ ಅಜ್ರಿಯವರಿಗೆ ಫೋನು ಮಾಡಿ ತಿಳಿಸಿದಾಗ ಅವರು ಉಸಿರುಬಿಟ್ಟದ್ದು ಈಚೆಗೂ ಕೇಳಿಸಿತು. "ನಮ್ಮ ಬಾಯಿಂದ ಬಂದರೆ ಚಂದ ಕಾಣುವುದಿಲ್ಲ. ನೀವು ಎಲ್ಲ ಯೋಚಿಸ್ತೀರಿ ಅಂತ ನನಗೆ ಗೊತ್ತಿತ್ತು," ಎಂದರು. ಎಲ್ಲರಿಗೂ ಬೇಕಾಗಿದ್ದದ್ದು ಇದೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ತಾನಾಗಿ ಬಂದು ಅವರ ಕೈಗೆ ಸಿಕ್ಕಿತ್ತು.

ಹೊರಡುವ ದಿನ ಬೆಳಿಗ್ಗೆ ಧರ್ಣಪ್ಪನ ಅಂಗಳದಲ್ಲಿ ಎರಡು ಲಾರಿಗಳು ನಿಂತಿದ್ದವು. ನಿತೇಶನದ್ದು ಹೊಸದು, ಕನ್ನಡಿಗೆಲ್ಲ ಗೊಂಡೆಹೂವಿನ ಮಾಲೆ. ಅಬೂಬಕ್ಕರನದ್ದರಲ್ಲಿ ಬೈಹುಲ್ಲಿನ ಕಟ್ಟುಗಳು ಮೇಲಿನವರೆಗೆ ತುಂಬಿದ್ದವು. ಉಳಿದ ಹುಲ್ಲಿನ ಲಾರಿಗಳು ಬೆಳಕು ಹರಿಯುವಾಗಲೇ ಹೊರಟಿದ್ದವು. ಇವನು ಮಾತ್ರ ಕೋಣ ಹತ್ತಿಸಿಯೇ ಹೋಗುತ್ತೇನೆಂದು ನಿಂತಿದ್ದ. ಉನೈಸ್ ಆಗಲಿ ಎಂದಿದ್ದ.

ಕೋಣಗಳು ಸ್ವಲ್ಪವೂ ತಕರಾರು ಮಾಡಲಿಲ್ಲ. ಅಬೂಬಕ್ಕರ್ ಮುಂದೆ ನಡೆದ. ಕಾಟಿ, ಅದರ ಹಿಂದೆ ಬೊಲ್ಲ, ಹೊಸ ಲಾರಿಗೆ ನೆಟ್ಟಗೆ ಹತ್ತಿ ನಿಂತವು. ಮಾಡಬಹುದಿದ್ದರೆ ಅವಾದರೂ ತಕರಾರು ಮಾಡಬಹುದಿತ್ತು. ಆದರೆ ಅಬೂಬಕ್ಕರನನ್ನು ನಂಬಿ ಹತ್ತಿದ ಪ್ರಾಣಿಗಳಿಗೆ ಅವನು ಜೊತೆಗೆ ಬರುವುದಿಲ್ಲವೆಂದು ಹೇಗೆ ತಿಳಿಯಬೇಕು?

ಪೂವಮ್ಮ ಜಗಲಿಯ ಅಂಚಿಗೆ ಬಂದು ಕೂತಿದ್ದಳು. ತೊಡೆಯ ಮೇಲೆ ಹಗ್ಗದ ಸುರುಳಿ. "ಅಬೂಬಕ್ಕರ್ ಎಲ್ಲಿ?" ಎಂದಳು.

ಧರ್ಣಪ್ಪ ಬಾವಿಕಟ್ಟೆಯ ಕಡೆ ತಿರುಗಿ ಡ್ರಮ್ಮಿನ ಮುಚ್ಚಳ ಬಿಗಿಯುವುದಕ್ಕೆ ತೊಡಗಿದ. ಬಿಗಿದ ಮುಚ್ಚಳವೇ ಅದು.

"ಇದ್ದೇನೆ ಅಮ್ಮ," ಎಂದು ಅಬೂಬಕ್ಕರ್ ಮುಂದೆ ಬಂದು ಕೈ ನೀಡಿದ. ಅವಳು ಹೆಬ್ಬೆರಳಿನಿಂದ ಅಂಗೈ ಒತ್ತಿ ನೋಡಿದಳು. ತೃಪ್ತಿಯಾಯಿತೆಂದು ಕಾಣುತ್ತದೆ, ಹಗ್ಗವನ್ನು ಆ ಕೈಯಲ್ಲಿಟ್ಟು ಅವನ ಬೆರಳುಗಳನ್ನು ತಾನೇ ಮಡಚಿದಳು.

"ಕೊಂಡೋಗಿ ಕೊಂಡ್ಬಾ ಮಗಾ. ಘಟ್ಟದ ಮೇಲೆ ಚಳಿ ಉಂಟಂತೆ. ಅವಕ್ಕೂ ಹೊದೆಸು, ನೀನೂ ಹೊದ್ಕೊ."

"ಆಯ್ತು ಅಮ್ಮ," ಎಂದ ಅಬೂಬಕ್ಕರ್.

ಅವನು ನಿತೇಶನ ಲಾರಿಯ ಹತ್ತಿರ ಹೋಗಿ, ಬಾಗಿಲು ತೆರೆದು, ಹಗ್ಗವನ್ನು ಕ್ಯಾಬಿನಿನೊಳಗೆ ತೂಗುಹಾಕಿದ. ನಿತೇಶ್ ಒಳ್ಳೆಯ ಹುಡುಗ. ಅವನಿಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. "ಬ್ಯಾರಿಗಳೇ, ನಾನಾಗಿ ಕೇಳಿದ್ದಲ್ಲ," ಎಂದ.

"ಗೊತ್ತುಂಟು. ತಿರುವಿನಲ್ಲಿ ಬ್ರೇಕ್ ಒತ್ತಬೇಡ, ಮೊದಲೇ ಸ್ಲೋ ಮಾಡು. ಬೊಲ್ಲ ಎಡಕ್ಕೆ ವಾಲ್ತಾನೆ," ಎಂದು ಹೇಳಿ ಅಬೂಬಕ್ಕರ್ ತನ್ನ ಹುಲ್ಲಿನ ಲಾರಿ ಹತ್ತಿ ಘಟ್ಟದ ಕಡೆಗೆ ಮೊದಲೇ ಹೊರಟ.

ಕೋಣದ ಲಾರಿಗಳು ಬಿ.ಸಿ. ರೋಡಿನ ಮೈದಾನದಲ್ಲಿ ಸೇರಿದವು. ಬ್ಯಾಂಡು, ಭಾಷಣ, ಬಾವುಟ ಬೀಸುವುದು ಎಲ್ಲ ಆಯಿತು. ಅಜ್ರಿಯವರು ಮೈಕಿನಲ್ಲಿ ಉನೈಸನ ಹೆಸರು ಹೇಳಿ, "ಜಾತಿಮತ ಇಲ್ಲದ ನಮ್ಮ ಕಂಬಳಕ್ಕೆ ಇವರೇ ಸಾಕ್ಷಿ," ಎಂದರು. ಜನ ಚಪ್ಪಾಳೆ ತಟ್ಟಿದರು. ಉನೈಸನಿಗೆ ಶಾಲು ಹೊದೆಸಿದರು.

ಪೊಲೀಸ್ ಜೀಪಿನ ಹಿಂದಿನ ಜೀಪಿನಲ್ಲಿ ಉನೈಸ್ ಕೂತ. ಅವನ ಬೆನ್ನಿಗೇ ನಿತೇಶನ ಲಾರಿ, ಅದರ ಹಿಂದೆ ಮೈಲುದ್ದದ ಸಾಲು. ಉಪ್ಪಿನಂಗಡಿ, ನೆಲ್ಯಾಡಿಗಳಲ್ಲಿ ಜನ ರಸ್ತೆಗೆ ಬಂದು ಹೂ ಎಸೆದರು. ಘಾಟಿಯಲ್ಲಿ ಒಂದು ಲಾರಿಯೂ ಕೆಡಲಿಲ್ಲ. ಉನೈಸ್ ಅಂದುಕೊಂಡ ಹೊತ್ತಿಗೆ ಅಂದುಕೊಂಡ ಜಾಗ ದಾಟುತ್ತಿದ್ದರು. ಘಟ್ಟ ಹತ್ತಿದ ಮೇಲೆ ಹಾಸನದವರೆಗೆ ಎಲ್ಲಿಯೂ ನಿಲ್ಲಿಸಬಾರದೆಂದು ಅವನು ಎಲ್ಲ ಡ್ರೈವರುಗಳಿಗೂ ಕಟ್ಟುನಿಟ್ಟಾಗಿ ಹೇಳಿದ್ದ. ರಸ್ತೆ ಕಿರಿದು. ಮುಂದಿನದ್ದು ನಿಂತರೆ ಹಿಂದಿನದ್ದೆಲ್ಲ ಬಿಸಿಲಲ್ಲಿ ನಿಲ್ಲಬೇಕು, ಕೋಣ ಬಸವಳಿಯುತ್ತದೆ.

ಕಾಫಿ ತೋಟಗಳು ಮುಗಿದು ಬಯಲು ಬರುವ ಕಡೆ ಒಂದು ಅಡ್ಡರಸ್ತೆಯಿದೆ. ಅಲ್ಲಿ ರಸ್ತೆಬದಿಯಲ್ಲಿ ಒಂದು ಲಾರಿ ನಿಂತದ್ದು ದೂರದಿಂದಲೇ ಕಾಣಿಸಿತು. ಲಾರಿಯ ಸುತ್ತ ನೆಲವೆಲ್ಲ ಹಳದಿ. ಹತ್ತಿರ ಬಂದ ಹಾಗೆ ಅದು ಬೈಹುಲ್ಲೆಂದು ತಿಳಿಯಿತು.

ಹತ್ತು ಹನ್ನೆರಡು ಮಂದಿ ಹುಡುಗರು. ಇಬ್ಬರು ಲಾರಿಯ ಮೇಲೆ ನಿಂತು ಕೋಲಿನಿಂದ ಹಲಗೆಯನ್ನು ಕುಟ್ಟಿ ನೋಡುತ್ತಿದ್ದರು, ಅಡಿಯಲ್ಲಿ ಏನೋ ಅಡಗಿದೆಯೆಂಬ ಹಾಗೆ. ಕೆಳಗೆ ಅಬೂಬಕ್ಕರ್ ಒಂದು ಹುಲ್ಲಿನ ಕಟ್ಟನ್ನು ತಲೆಯ ಮೇಲೆ ಹೊತ್ತು ರಸ್ತೆಬದಿಗೆ ನಡೆಯುತ್ತಿದ್ದ. ಅವನ ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಪಾಸು ಕೋಣಗಳಿಗಿತ್ತು. ಪೊಲೀಸರು ಕೋಣಗಳಿಗಿದ್ದರು. ಹುಲ್ಲಿಗೆ ಯಾಕೆಂದು ಉನೈಸ್ ಅದನ್ನು ಬಿಟ್ಟಿದ್ದ. ಕೋಣದ ಲಾರಿಯಲ್ಲಿದ್ದಿದ್ದರೆ ಅಪ್ಪ ಈಗ ಪೊಲೀಸ್ ಜೀಪಿನ ಹಿಂದೆ, ಕನ್ನಡಿಗೆ ಮಾಲೆ ಹಾಕಿಕೊಂಡು ಬರುತ್ತಿದ್ದ. ಅದು ಉನೈಸನಿಗೆ ಆ ಕ್ಷಣದಲ್ಲೇ ಹೊಳೆಯಿತು, ಮತ್ತು ಅದರಿಂದ ಯಾವ ಪ್ರಯೋಜನವೂ ಇರಲಿಲ್ಲ.

ಕೋಣಗಳ ಸಾಲು ಕಂಡದ್ದೇ ಹುಡುಗರು ಹುಲ್ಲು ಬಿಟ್ಟು ರಸ್ತೆಯಂಚಿಗೆ ಓಡಿಬಂದರು. "ಕಂಬಳದ ಕೋಣ ಕಣೋ!" ಎಂದು ಕೂಗಿ ಫೋನುಗಳನ್ನು ಮೇಲೆತ್ತಿದರು. ಒಬ್ಬ ಜೈ ಎಂದ, ಎಲ್ಲರೂ ಜೈ ಎಂದರು. ಅಂಗಿಗೆ ಹುಲ್ಲಿನ ಎಸಳು ಅಂಟಿದ್ದ ಒಬ್ಬ ಹುಡುಗ ಜೀಪಿನಲ್ಲಿದ್ದ ಉನೈಸನಿಗೆ ಕೈಮುಗಿದ. ಶಾಲು ಹೊದ್ದವನು ಯಾರೋ ದೊಡ್ಡವನೇ ಇರಬೇಕೆಂದು.

"ಅದು ನಿಮ್ಮ ತಂದೆಯಲ್ವಾ?" ಎಂದ ಜೀಪಿನ ಡ್ರೈವರ್. ಅವನ ಕಾಲು ಬ್ರೇಕಿನ ಮೇಲೆ ಹೋಯಿತು. "ನಿಲ್ಲಿಸುದಾ?"

ಎದುರಿನ ಪೊಲೀಸ್ ಜೀಪು ನಿಲ್ಲದೆ ದಾಟಿಹೋಗಿತ್ತು. ಹಿಂದೆ ನಿತೇಶ್ ಹಾರ್ನ್ ಹೊಡೆಯುತ್ತಿದ್ದ. ಅವನೂ ಕಂಡಿದ್ದ. ಅವನ ಹಿಂದೆ ಇಳಿಜಾರಿನಲ್ಲಿ ಒಂದರ ಬೆನ್ನಿಗೆ ಒಂದು ಲಾರಿ. ಅಬೂಬಕ್ಕರ್ ತಲೆಯ ಮೇಲಿನ ಕಟ್ಟನ್ನು ಇಳಿಸದೆ, ಕತ್ತು ತಿರುಗಿಸಲಾಗದೆ, ಮೈಯನ್ನೇ ತಿರುಗಿಸಿ ಜೀಪಿನ ಕಡೆ ನೋಡಿದ.

"ಹೋಗುವ," ಎಂದ ಉನೈಸ್.

ಜೀಪು ಹೋಯಿತು. ಮುಂದಿನ ತಿರುವು ದಾಟುವ ಮೊದಲೇ ಅವನು ಪೊಲೀಸರಿಗೆ ಫೋನು ಮಾಡಿದ, ಅಜ್ರಿಯವರಿಗೂ ಮಾಡಿದ, ಬೈದ, ಅತ್ತ. ಅದೆಲ್ಲ ಮಾಡಿದ. ಜೀಪು ನಿಲ್ಲಿಸುವುದೊಂದನ್ನು ಬಿಟ್ಟು.

ಹಾಸನದಲ್ಲಿ ಕೋಣಗಳನ್ನು ಇಳಿಸಿ ತುಂಬ ಹೊತ್ತಾದ ಮೇಲೆ ಅಬೂಬಕ್ಕರನ ಲಾರಿ ಬಂತು. ಪೊಲೀಸರು ಬಂದು ಬಿಡಿಸಿದ್ದರಂತೆ. ಕಾಟಿ, ಬೊಲ್ಲ ಬೇರೆ ಲಾರಿಯ ಹುಲ್ಲನ್ನು ಮೂಸಿ ಬಿಟ್ಟಿದ್ದವು. ಅವನು ತನ್ನ ಲಾರಿಯಿಂದ ಮನೆಯ ಹುಲ್ಲು ತಂದು ಅವುಗಳ ಮುಂದೆ ಹಾಕಿದ. ತಿನ್ನುವವರೆಗೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಅವನ ಗಡ್ಡದಲ್ಲಿ, ಕಿವಿಯ ಹಿಂದೆ ಎಲ್ಲ ಹುಲ್ಲಿನ ಚೂರುಗಳಿದ್ದವು.

"ಉಪ್ಪ, ಹೊಡೆದ್ರಾ?"

"ಇಲ್ಲ. ಹೊಡೆದಿದ್ದರೆ ಬೇಗ ಮುಗೀತಿತ್ತು. ಒಂದೊಂದೇ ಕಟ್ಟು ನನ್ನ ಕೈಯಲ್ಲೇ ಇಳಿಸಿದರು. ಆಮೇಲೆ ನನ್ನ ಕೈಯಲ್ಲೇ ಹೇರಿಸಿದರು." ಅವನು ಬೊಲ್ಲನ ಮುಂದಿನ ಹುಲ್ಲಿನಿಂದ ಒಂದು ಕಲ್ಲು ಹೆಕ್ಕಿ ಎಸೆದ. "ಹುಲ್ಲು ಸ್ವಲ್ಪ ಕಮ್ಮಿ ಆಗಿರಬಹುದು. ರಸ್ತೆಯಲ್ಲಿ ಉಳಿಯಿತು."

"ನಾನು ನಿಲ್ಲಿಸ್ಬೇಕಂತಲೇ..."

"ನಿಲ್ಲಿಸಿದರೆ ಹಿಂದೆ ಎಲ್ಲ ನಿಲ್ತದೆ," ಎಂದ ಅಬೂಬಕ್ಕರ್. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಉನೈಸ್ ತಡೆದುಕೊಳ್ಳುತ್ತಿದ್ದ. ಕೋಣಗಳು ತಿಂದು ಮುಗಿಸಿದ ಮೇಲೆ ಅಬೂಬಕ್ಕರ್ ಖಾಲಿ ಲಾರಿ ತಿರುಗಿಸಿಕೊಂಡು, ತುಮಕೂರಿನ ಕಡೆ ನೋಡದೆ ಊರಿಗೆ ಹೊರಟುಹೋದ.

ತುಮಕೂರಿನಲ್ಲಿ ಕಂಬಳ ಚೆನ್ನಾಗಿಯೇ ನಡೆಯಿತು. ಜನ ಕಿಕ್ಕಿರಿದಿದ್ದರು. ಕಾಟಿ ಮತ್ತು ಬೊಲ್ಲ ಎರಡನೇ ಬಹುಮಾನ ತಂದವು. ಸಾಗಾಟದ ವ್ಯವಸ್ಥೆಯನ್ನು ಪೇಪರಿನವರೂ ಹೊಗಳಿದರು.

ತಿರುಗಿ ಬಂದ ದಿನ ಸಂಜೆ ಧರ್ಣಪ್ಪನ ಅಂಗಳದಲ್ಲಿ ಪಟಾಕಿ ಹೊಡೆದರು. ಕೋಣಗಳನ್ನು ಇಳಿಸಿ ಅಂಗಳದ ಕಂಬಕ್ಕೆ ಕಟ್ಟಿದರು. ತಾಮ್ರದ ಕೊಪ್ಪರಿಗೆಯಲ್ಲಿ ಬಾವಿಯ ನೀರು ತುಂಬಿಸಿ ಸ್ವಲ್ಪ ದೂರದಲ್ಲಿಟ್ಟಿದ್ದರು. ಪೂವಮ್ಮ ಜಗಲಿಯ ಅಂಚಿನಲ್ಲಿ ಕೂತು ಕೈ ನೀಡಿದಳು. ನಿತೇಶ್ ಹಗ್ಗ ತಂದು ಅವಳ ಕೈಗೆ ಮುಟ್ಟಿಸಿದ. ಅವಳು ಹೆಬ್ಬೆರಳಿನಿಂದ ಅವನ ಅಂಗೈ ಒತ್ತಿದಳು, ಮತ್ತು ಕೈ ಹಿಂದಕ್ಕೆ ತೆಗೆದುಕೊಂಡಳು.

"ಇದು ಯಾರು? ಕೊಂಡೋದವ ಎಲ್ಲಿ?"

"ಅವನಿಗೆ ಹುಷಾರಿಲ್ಲ ಅಮ್ಮ," ಎಂದ ಧರ್ಣಪ್ಪ. "ಇವನ ಹತ್ರ ತಗೊ. ಕೋಣ ಬಂದಾಯ್ತಲ್ಲ."

"ಅವನು ಬಾರದೆ ಕೋಣ ಎಲ್ಲಿ ಬಂತು?" ಎಂದಳು ಮುದುಕಿ. ಜೋರಾಗಿ ಹೇಳಲಿಲ್ಲ. ಎಲ್ಲರಿಗೂ ತಿಳಿದ ಮಾತನ್ನು ನೆನಪು ಮಾಡಿಕೊಡುವ ಹಾಗೆ ಹೇಳಿದಳು. ಕಾಟಿ ನೀರಿನ ವಾಸನೆಗೆ ಮೂಗರಳಿಸಿ ಕಾಲು ಕೆದರಿತು.

ಧರ್ಣಪ್ಪ ಉನೈಸನ ಕಡೆ ನೋಡಿದ. ಉನೈಸ್ ನಿತೇಶನ ಕೈಯಿಂದ ಹಗ್ಗ ತೆಗೆದುಕೊಂಡು, ಬೈಕು ಹತ್ತಿ ಬಂಟ್ವಾಳಕ್ಕೆ ಹೋದ.

ಅಬೂಬಕ್ಕರ್ ಲಾರಿಯ ಒಳಗೆ ನಿಂತು ಕೋಣ ಕಟ್ಟುವ ಕಬ್ಬಿಣದ ಬಳೆಗಳನ್ನು ಪಾನಾ ಹಾಕಿ ಬಿಚ್ಚುತ್ತಿದ್ದ. ಬಿಚ್ಚಿದವನ್ನು ಒಂದು ಗೋಣಿಯಲ್ಲಿ ಹಾಕಿದ್ದ. ಮಗನ ಕೈಯಲ್ಲಿದ್ದ ಹಗ್ಗ ನೋಡಿದರೂ ಕೆಲಸ ನಿಲ್ಲಿಸಲಿಲ್ಲ.

"ಉಪ್ಪ, ಅಮ್ಮ ಕಾಯ್ತಿದ್ದಾರೆ. ನೀವೇ ಬರ್ಬೇಕಂತೆ. ಕೋಣಕ್ಕೆ ನೀರು ಕೊಟ್ಟಿಲ್ಲ."

"ನಾನು ಕೊಂಡೋಗಲಿಲ್ಲ."

"ಅಮ್ಮ ನಿಮ್ಮ ಕೈಗೇ ಅಲ್ವಾ ಕೊಟ್ಟದ್ದು?"

ಪಾನಾ ನಿಂತಿತು. "ಹೌದು. ಆ ಕಣ್ಣು ಕಾಣದ ಅಮ್ಮನಿಗೆ ಸುಳ್ಳು ಹೇಳಿ ತಗೊಂಡೆ. ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಇನ್ನು ಸುಳ್ಳು ಹೇಳಿ ಕೊಡುದು ಬೇಡ," ಎಂದು ಅಬೂಬಕ್ಕರ್ ಮತ್ತೆ ಬಗ್ಗಿದ. ಆಸ್ಯಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳೂ ಹೋಗಿ ಎನ್ನಲಿಲ್ಲ.

ಉನೈಸ್ ಒಬ್ಬನೇ ವಾಮದಪದವಿಗೆ ಮರಳಿದಾಗ ಬೆಳಕು ಮಾಸುತ್ತಿತ್ತು. ಪಟಾಕಿ ಹೊಡೆಯಲು ಬಂದವರಲ್ಲಿ ಹೆಚ್ಚಿನವರು ಹೋಗಿದ್ದರು. ಬೈಕಿನ ಸದ್ದಿಗೆ ಪೂವಮ್ಮ ಮುಖವೆತ್ತಿ ಕೈ ನೀಡಿದಳು.

"ಬಂದೆಯಾ ಮಗಾ?"

ಧರ್ಣಪ್ಪ ಗಡಬಡಿಸಿ ಎದ್ದು ಬಂದ. ಉನೈಸನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದ. ಕೋಣಗಳನ್ನು ನೋಡಿದ. ಆಮೇಲೆ ಉನೈಸನ ಕಿವಿಯ ಹತ್ತಿರ ಬಾಗಿ, "ನೀನೇ ಕೊಡು," ಎಂದ. "ಅವಳಿಗೆ ಕಾಣುದಿಲ್ಲ. ಮಾತಾಡ್ಬೇಡ, ಕೊಟ್ಟುಬಿಡು. ಕೋಣಕ್ಕೆ ಬಾಯಾರಿದೆ ಮಾರಾಯ."

ಬೊಲ್ಲ ಕಂಬಕ್ಕೆ ಕಟ್ಟಿದ ಹಗ್ಗವನ್ನು ಜಗ್ಗಿ ಕೊಪ್ಪರಿಗೆಯ ಕಡೆ ಕತ್ತು ಚಾಚುತ್ತಿತ್ತು. ಉನೈಸ್ ಜಗಲಿಯ ಬಳಿ ಹೋದ. ಹಗ್ಗ ಸಮೇತ ಕೈಯನ್ನು ಮುದುಕಿಯ ಕೈಯಲ್ಲಿಟ್ಟ.

ಅವಳ ಹೆಬ್ಬೆರಳು ಅವನ ಜಡ್ಡಿಲ್ಲದ ಅಂಗೈಯನ್ನು ಒತ್ತಿತು. ಒಮ್ಮೆ ಒತ್ತಿ, ಸ್ವಲ್ಪ ಸರಿದು, ಇನ್ನೊಮ್ಮೆ ಒತ್ತಿತು. ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಮೆಲ್ಲನೆ ಸವರುತ್ತ ಹೋಯಿತು. ಪೂವಮ್ಮ ಹಗ್ಗ ತೆಗೆದುಕೊಳ್ಳದೆ ಅವನ ಕೈಯನ್ನು ಬಿಟ್ಟು, ತನ್ನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗೋಡೆ ಹಿಡಿದು ಎದ್ದು ಒಳಗೆ ಹೋದಳು.

ಹಗ್ಗ ಜಗಲಿಯ ಮೇಲೆಯೇ ಉಳಿಯಿತು. ಸ್ವಲ್ಪ ಹೊತ್ತು ಕಾದು ಧರ್ಣಪ್ಪ ಕೊಪ್ಪರಿಗೆಯನ್ನು ಕೋಣಗಳ ಮುಂದಕ್ಕೆ ಎಳೆದ. ಅವು ತಲೆ ತಗ್ಗಿಸಿ ಕುಡಿಯತೊಡಗಿದವು. ಅವುಗಳ ಬಾಯಿಗಂಟಿದ್ದ ಒಣಹುಲ್ಲಿನ ಎಸಳುಗಳು ನೀರಿನ ಮೇಲೆ ತೇಲುತ್ತಿದ್ದವು.